ಒಂದು ಗೇಣು ಬಿಟ್ಟು ಕೊಯ್ದ ಬಂಡೆ

ಕಲ್ಲು ಒಡೆಯುವ ನಮ್ಮವರಲ್ಲಿ ಒಂದು ಕಟ್ಟಳೆಯಿತ್ತು. ಕೆಮ್ಮಣ್ಣಿನ ನೀರಲ್ಲಿ ಅದ್ದಿದ ದಾರ ಮಿಡಿದು ಬಂಡೆಯ ಮೇಲೆ ಯಾರು ಮೊದಲು ಗೆರೆ ಹಾಕುತ್ತಾರೋ, ಆ ಬಂಡೆ ಪೂರ್ತಿ ಒಡೆಯುವ ಹಕ್ಕು ಅವರದು. ಅವರು ಊರಿಗೆ ಹೋಗಲಿ, ಜಡ್ಡಾಗಿ ಮಲಗಲಿ, ಆ ಗೆರೆಯ ಮೇಲೆ ಬೇರೆಯವರು ಉಳಿ ಇಡುವಂತಿಲ್ಲ. ಇಟ್ಟವನ ಮನೆಯಲ್ಲಿ ಯಾರೂ ನೀರು ಕೂಡ ಕುಡಿಯುತ್ತಿರಲಿಲ್ಲ.

ದೇವದುರ್ಗದಿಂದ ಜಾಲಹಳ್ಳಿಗೆ ಹೋಗುವ ದಾರಿಯ ಗುಡ್ಡದಲ್ಲಿ ನಾನೂ ನನ್ನ ಗಂಡನೂ ಒಂದು ಬಂಡೆಯ ಅಂಚಿಗೆ ಹಾಗೊಂದು ಗೆರೆ ಹಾಕಿದ್ದೆವು. ದಾರದ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ದೊಡ್ಡ ಬಂಡೆ. ಎಲ್ಲಿ ಬಡಿದರೂ ಗಂಟೆಯ ಹಾಗೆ ನಾದ, ಒಳಗೆಲ್ಲೂ ಬಿರುಕಿಲ್ಲ. ಅದು ಮುಗಿಯುವತನಕ ಗುಡಿಸಲು ಕಿತ್ತು ಇನ್ನೊಂದು ಊರಿಗೆ ಹೋಗುವ ಗೋಜಿರಲಿಲ್ಲ. ಮಗಳು ಆಗಷ್ಟೇ ಜಾಲಹಳ್ಳಿಯ ಶಾಲೆಗೆ ಹೋಗತೊಡಗಿದ್ದಳು. ಊರೂರು ತಿರುಗಿ ಬೆಳೆದ ನನಗೆ ಆಗ ಅಕ್ಷರವೇ ಗೊತ್ತಿರಲಿಲ್ಲ, ನಾಲ್ಕಕ್ಷರ ಹತ್ತಿದ್ದು ಮುದುಕಿಯಾಗುವ ಕಾಲಕ್ಕೆ. ಅವಳ ಗತಿ ಹಾಗಾಗಬಾರದು ಎನ್ನುವುದೊಂದೇ ನನ್ನ ಹಟ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮಾನ್ವಿ ಕಡೆಯ ಚೀಕಲಪರ್ವಿಯಲ್ಲಿ ಅತ್ತೆ ತೀರಿಕೊಂಡಳೆಂದು ಸುದ್ದಿ ಬಂತು. ಅದೇ ಗುಡ್ಡದಲ್ಲಿ ಕೆಲಸ ಮಾಡುತ್ತಿದ್ದ ನನ್ನ ಒಡಹುಟ್ಟಿದ ಅಣ್ಣನಿಗೆ ಗುಡಿಸಲನ್ನೂ ಮಗಳನ್ನೂ ಒಪ್ಪಿಸಿ ಹೋದೆವು. ದಿನಕರ್ಮ ಮುಗಿಸಿ ಬಂದಾಗ ಗುಡ್ಡದಲ್ಲಿ ಸುತ್ತಿಗೆಯ ಸದ್ದಿರಲಿಲ್ಲ. ಕೊಂಯ್ ಎನ್ನುವ ಒಂದೇ ಸದ್ದು.

ಗುಡ್ಡ ಗುತ್ತಿಗೆ ಹಿಡಿದ ಸಾಹುಕಾರ ರಾಯಚೂರಿನಿಂದ ಲಾರಿಯಲ್ಲಿ ಮಷಿನ್ ತರಿಸಿದ್ದ. ಬಂಡೆಯ ನೆತ್ತಿಯಿಂದೊಂದು, ಪಕ್ಕದಿಂದೊಂದು ತೂತು ಕೊರೆದು, ಎರಡೂ ಒಳಗೆ ಕೂಡುವಂತೆ ಮಾಡಿ, ಅದರೊಳಗೆ ತಂತಿಹಗ್ಗ ತೂರಿಸಿದ್ದರು. ಹಗ್ಗಕ್ಕೆ ವಜ್ರದ ಪುಡಿ ಬೆರೆಸಿದ ಮಣಿಗಳನ್ನು ಸರದಂತೆ ಪೋಣಿಸಿದ್ದರು. ಮಷಿನ್ ಅದನ್ನು ಗರಗರ ತಿರುಗಿಸುತ್ತಿದ್ದರೆ ಹಗ್ಗ ಬಂಡೆಯನ್ನು ಕೊಯ್ಯುತ್ತ ಹೋಗುತ್ತಿತ್ತು, ಬಿಳಿ ರಾಡಿ ಕೆಳಗೆ ಹರಿಯುತ್ತಿತ್ತು. ಅದು ನಮ್ಮ ಬಂಡೆ. ಪೈಪು ಹಿಡಿದು ತಂತಿಗೆ ನೀರು ಬಿಡುತ್ತಿದ್ದವನು ನನ್ನ ಅಣ್ಣ.

ನಾನು ಬಾಯಿ ತೆರೆಯುವ ಮೊದಲೇ ಅವನು ಅಂದ:

“ನಿಮ್ಮ ಗೆರಿ ಹಂಗs ಅದ ತಂಗೀ. ಒಂದು ಗೇಣು ಬಿಟ್ಟು ಕೊಯ್ಯಾಕತ್ತೀವಿ.”

ಹೌದು, ಗೆರೆ ಹಾಗೇ ಇತ್ತು, ಬಂಡೆಯ ಅಂಚಿಗೆ ಗೇಣಗಲದ ಪಟ್ಟಿಯ ಮೇಲೆ. ಉಳಿದದ್ದೆಲ್ಲ ಸಾಹುಕಾರನದು.

“ಗೇಣಗಲದ ಕಲ್ಲಿನ್ಯಾಗ ನನ್ನ ಮಗಳು ಸಾಲಿ ಕಲೀತಾಳೇನು?” ಎಂದೆ. ಅವನು ಪೈಪಿನ ಕಡೆ ತಿರುಗಿದ.

ನಮ್ಮವರ ಹಿರಿಯರನ್ನು ಕರೆತಂದೆ. ಅವರು ಬಗ್ಗಿ ನೋಡಿ, ಗೇಣು ಹಾಕಿ ಅಳೆದು, ಗೆರೆ ಮುಟ್ಟಿಲ್ಲ, ಕಟ್ಟಳೆ ಮುರಿದಿಲ್ಲ ಎಂದು ಎದ್ದು ಹೋದರು. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ದೂರುವುದು ಯಾರಿಗೆ? ಉಂಡ ಮನೆಗೆ ಎರಡು ಬಗೆದವನೆಂದು ಅಣ್ಣನನ್ನು ಬಾಯಿಗೆ ಬಂದಂತೆ ಬೈದು, ಅಂದಿನಿಂದ ಮಾತು ಬಿಟ್ಟೆ. ಗಂಡ ಗುಡಿಸಲಿಗೆ ಹೋಗಿ ಮುಸುಕೆಳೆದು ಮಲಗಿದ. ತಾಯಿ ಸತ್ತ ದುಃಖ ಇರಬೇಕೆಂದು ನಾನೇ ಸಮಾಧಾನ ಮಾಡಿಕೊಂಡೆ.

ಮುಂದಿನ ಸಂತೆ ಬರುವಷ್ಟರಲ್ಲಿ ಅವನೂ ಮಷಿನ್ ಕೆಲಸಕ್ಕೆ ಸೇರಿದ. ನಾನು ರೊಟ್ಟಿ ಬಡಿಯುತ್ತಿದ್ದೆ. ಅಂಥವನ ಪಕ್ಕದಲ್ಲಿ ಹೇಗೆ ನಿಲ್ಲುತ್ತೀ ಎಂದು ಕೇಳಿದೆ. ಅವನು ತಲೆ ಎತ್ತದೆ ಅಂದ:

“ಅವಂದೇನು ತಪ್ಪಿಲ್ಲ. ಗೇಣು ಬಿಟ್ಟು ಕೊಯ್ಯಿ ಅಂತ ನಾನs ಹೇಳಿ ಬಂದಿದ್ದೆ. ಗೆರಿ ಉಳದ್ರ ನೀ ಸುಮ್ಮನಿರ್ತಿ ಅಂದ್ಕೊಂಡಿದ್ದೆ.”

ಊರಿಗೆ ಹೊರಡುವ ಮುಂಚೆಯೇ ಸಾಹುಕಾರ ಕರೆದು, ಬಂಡೆ ಬಿಟ್ಟುಕೊಟ್ಟರೆ ಅಣ್ಣನಿಗೂ ಇವನಿಗೂ ಕೆಲಸ ಕೊಡುವ ಮಾತು ಕೊಟ್ಟಿದ್ದನಂತೆ. ಎಲ್ಲ ಗೊತ್ತಿದ್ದೂ ಇವನು ನನ್ನ ಜೊತೆ ಬಸ್ಸು ಹತ್ತಿದ್ದ, ಚೀಕಲಪರ್ವಿಯಲ್ಲಿ ಅಷ್ಟು ದಿನ ಪಕ್ಕದಲ್ಲಿ ಮಲಗಿದ್ದ. ಹಂಚಿನ ಮೇಲೆ ರೊಟ್ಟಿ ಸೀದು ಹೋಯಿತು.

ಮಷಿನ್ ಕೂಲಿಯಲ್ಲಿ ಮಗಳ ಶಾಲೆ ತಪ್ಪಲಿಲ್ಲ, ಅದು ನಿಜ. ನಾನು ಗುಡಿಸಲು ಬಿಟ್ಟು ಹೋಗದಿದ್ದದ್ದೂ ಅದಕ್ಕೇ. ಅಣ್ಣನ ಜೊತೆ ಮತ್ತೆ ಮಾತಾಡಲಿಲ್ಲ. ಗಂಡನ ಜೊತೆ ಅವನಿರುವತನಕ ದಿನಾ ಮಾತಾಡಿದೆ. ಅವನ ಒಂದು ಮಾತನ್ನೂ ನಂಬಲಿಲ್ಲ.