ಸಮುದ್ರಕ್ಕೆ ಪಾಳಿ ಕೇಳಿದವಳು

ಸುಮ್ಮನೆ ಕೂಡುವುದೂ ಒಂದು ವಿದ್ಯೆ. ಅದು ನನಗೆ ಒಲಿದಿಲ್ಲ ಎಂಬುದು ಗೊತ್ತಾದದ್ದು ಜಂಜಿಬಾರ್ ದ್ವೀಪದಲ್ಲಿ, ಎರಡು ತೆಂಗಿನ ಮರಗಳ ನಡುವೆ ಕಟ್ಟಿದ ಜೋಲಿಯಲ್ಲಿ ಮಲಗಿದ್ದಾಗ. ಎದುರಿಗೆ ಹಸಿರೋ ನೀಲಿಯೋ ಹೇಳಲಾಗದ ಬಣ್ಣದ ಸಮುದ್ರ, ಕೈಯಲ್ಲಿ ಎಳನೀರು, ಗಾಳಿಯಲ್ಲಿ ಎಲ್ಲಿಂದಲೋ ಲವಂಗದ ವಾಸನೆ. ಸ್ವರ್ಗದಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇರಲಾರದು. ಆದರೂ ಅರ್ಧ ತಾಸು ಕಳೆಯುವುದರೊಳಗೆ ನನ್ನ ಕೈಗಳು ಏನಾದರೂ ಕೆಲಸ ಸಿಕ್ಕೀತೇ ಎಂದು ಹುಡುಕತೊಡಗಿದ್ದವು.

ನಾನು ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ಎಂಟು ವರ್ಷ ನರ್ಸ್ ಆಗಿದ್ದವಳು. ಕೆಲಸ ಬಿಟ್ಟು, ಶಹಾಪುರದ ಹತ್ತಿರದ ನಮ್ಮ ಗೋಗಿಗೆ ಖಾಯಂ ಆಗಿ ಮರಳುವ ಮುನ್ನ ಒಂದು ವಾರ ಯಾರ ಮಗಳೂ, ಯಾರ ಅಕ್ಕನೂ, ಯಾರ ಸಿಸ್ಟರೂ ಆಗದೆ ಇದ್ದು ನೋಡೋಣ ಅನ್ನಿಸಿತ್ತು. ಫೋನಿನಲ್ಲಿ ಹೇಳಿದಾಗ ಅವ್ವ, ಆ ಊರಲ್ಲಿ ನಮ್ಮವರು ಯಾರಿದ್ದಾರೆ ಎಂದು ಕೇಳಿದಳು. ಯಾರೂ ಇಲ್ಲ ಎಂದೆ. ಹಾಗಾದರೆ ಯಾಕೆ ಹೋಗುತ್ತಿ ಎಂದಳು. ಅವಳ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಕಡೆ ಊರಿಗೆ ಹೋಗುವುದೆಂದರೆ ಮಂದಿಯ ಮನೆಗೆ ಹೋಗುವುದು. ಬರೀ ಊರು ನೋಡಲು ಯಾರೂ ಹೋಗುವುದಿಲ್ಲ.

ನಿಜ ಹೇಳುತ್ತೇನೆ, ನನಗೆ ಮನೆಗೆ ಹೋಗಲು ಅಂಜಿಕೆಯಾಗಿತ್ತು. ಪ್ರತಿ ರಜೆಯಲ್ಲೂ ನನ್ನನ್ನು ಬೀಗರಂತೆ ನೋಡಿಕೊಳ್ಳುತ್ತಿದ್ದರು. ಕೂರಲು ಕುರ್ಚಿ, ಚಹಾಕ್ಕೆ ಕಪ್ಪು-ಬಸಿ. ಕಸಬರಿಗೆ ಮುಟ್ಟಿದರೆ ಸಾಕು, ತಮ್ಮನ ಹೆಂಡತಿ ಶಾಂತಾ ಓಡಿಬಂದು, “ನೀವು ಕುಂದರ್ರಿ ಅಕ್ಕಾ” ಎಂದು ಕಸಿದುಕೊಳ್ಳುತ್ತಿದ್ದಳು. ಸಣ್ಣಾಕಿ ಇದ್ದಾಗ ಬೆಳಗಾದರೆ ಬೈಗುಳದಿಂದಲೇ ನನ್ನನ್ನು ಎಬ್ಬಿಸುತ್ತಿದ್ದ ಅವ್ವ ಈಗ ತಹಸೀಲ್ದಾರರ ಹತ್ತಿರ ಮಾತಾಡಿದಂತೆ ಮೆಲ್ಲಗೆ ಮಾತಾಡುತ್ತಿದ್ದಳು. ತಿಂಗಳ ಮಟ್ಟಿಗೆ ಬಂದವಳಿಗೆ ಇದೆಲ್ಲ ಚೆಂದ. ಉಳಿಯಲೆಂದೇ ಬಂದವಳನ್ನೂ ಹೀಗೇ ಕುರ್ಚಿಯ ಮೇಲೆ ಕೂರಿಸಿಬಿಟ್ಟರೆ ನಾನು ಇನ್ನೆಲ್ಲಿಗೆ ಹೋಗಬೇಕು?

ಈ ಅಂಜಿಕೆಯನ್ನು ದ್ವೀಪದಲ್ಲಿ ಮರೆಯೋಣವೆಂದರೆ, ದ್ವೀಪವೇ ನಮ್ಮೂರಿನಂತೆ ಕಾಣತೊಡಗಿತು. ಅಲ್ಲಿ ಎದುರಾದವರು ‘ಹಬಾರಿ’ ಎಂದು ಕುಶಲ ಕೇಳುತ್ತಾರೆ. ಅದು ನಮ್ಮ ಶಹಾಪುರದ ಬಸ್‌ಸ್ಟ್ಯಾಂಡಿನ ‘ಏನ್ ಖಬರ್’ ಅಲ್ಲದೆ ಇನ್ನೇನು? ಅಂಗಡಿ ಅವರಿಗೂ ದುಕಾನು, ಚಹಾ ಅವರಿಗೂ ಚಾಯ್. ಒಂದು ಕಾಲದಲ್ಲಿ ಆ ಆಫ್ರಿಕದ ಕಡೆಯಿಂದ ಹಬಶಿಗಳು ಇದೇ ಸಮುದ್ರ ದಾಟಿ ನಮ್ಮ ದಖ್ಖನಿಗೆ ಬಂದು ಸಿಪಾಯಿಗಳಾಗಿ, ಸರದಾರರೂ ಆಗಿ, ನಮ್ಮ ಮಣ್ಣಿನಲ್ಲೇ ಮಣ್ಣಾದರು. ಬಿಜಾಪುರದ ಹಳೆಯ ಸುಲ್ತಾನರ ಗೋರಿಗಳಿರುವ ಗೋಗಿಯಿಂದ ನಾನು ಉಲ್ಟಾ ದಾರಿ ಹಿಡಿದು ಬಂದಿದ್ದೆ. ಹಾಗೆ ನಮ್ಮ ಕಡೆ ಬಂದ ಆ ಹಬಶಿಗಳಿಗೆ ಮೊದಲ ದಿನ ಯಾರು ಕುರ್ಚಿ ಹಾಕಿದ್ದರೋ, ಎಷ್ಟು ದಿನಕ್ಕೆ ತೆಗೆದರೋ ಎಂದು ಜೋಲಿಯಲ್ಲಿ ಮಲಗಿ ಯೋಚಿಸಿದೆ.

ಎರಡನೆಯ ಬೆಳಿಗ್ಗೆ ನನ್ನ ಮರ್ಯಾದೆ ಹೋಯಿತು. ಚಹಾ ಕುಡಿಯುವಾಗ ಮೆಟ್ಟಿಲತನಕ ಇದ್ದ ಸಮುದ್ರ, ಸ್ನಾನ ಮುಗಿಸಿ ಇನ್ನೊಂದು ನಿದ್ದೆ ತೆಗೆದು ಬರುವಷ್ಟರಲ್ಲಿ ಮೈಲು ದೂರ ಸರಿದು ಬಿಳಿ ಉಸುಕು ಬಿಟ್ಟುಹೋಗಿತ್ತು. ಮಸ್ಕತ್ತಿನಲ್ಲಿ ನಾನು ಕಂಡ ಸಮುದ್ರ ಹೀಗೆ ಎಂದೂ ಮಾಯವಾಗಿರಲಿಲ್ಲ. ನಾನು ಕಾಲುವೆಯ ಕೊನೆಯ ಭಾಗದ ಹೊಲದವರ ಮಗಳು. ಕಾಲುವೆ ಬಂದಮೇಲೆ ನಮ್ಮ ಸೀಮೆಯ ಜೋಳ ತೊಗರಿಗಳ ಪಕ್ಕದಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ ಬಂದವು. ಜೊತೆಗೆ ಸರದಿಯ ಮೇಲೆ ನೀರು ಬಿಡುವ ಪಾಳಿಯೂ ಬಂತು. ಮೇಲಿನವರು ಗೇಟು ಇಳಿಸಿದರೆ ಕೆಳಗಿನವರಿಗೆ ಕಾಲುವೆಯಲ್ಲಿ ಕಪ್ಪೆಗಳಷ್ಟೇ ಗತಿ. ಹೀಗೆ ಬೆಳೆದ ಜೀವ ಖಾಲಿ ಸಮುದ್ರ ಕಂಡಾಗ ಏನು ಮಾಡೀತು? ನಾನು ಇಳಿದುಕೊಂಡಿದ್ದ ಮನೆಯ ಒಡತಿ ಮರಿಯಂಳ ಹತ್ತಿರ ಓಡಿಹೋಗಿ, ನನಗೆ ಬರುವ ಅರೆಬರೆ ಅರಬ್ಬಿಯಲ್ಲಿ, ನೀರು ಬಂದ್ ಮಾಡಿದ್ದಾರೆ, ಈಗ ಯಾರ ಪಾಳಿ ಎಂದು ಕೇಳಿಬಿಟ್ಟೆ. ಆಕೆ ಹಿಟ್ಟಿನ ಕೈಯಲ್ಲೇ ಗೋಡೆ ಹಿಡಿದುಕೊಂಡು ನಕ್ಕಳು. ಸಂಜೆಯೊಳಗೆ ಆ ಓಣಿಯ ಹೆಂಗಸರೆಲ್ಲ ನನ್ನನ್ನು ನೋಡಿ ನಗುತ್ತಿದ್ದರು.

ಇಳಿತದ ಹೊತ್ತಿಗೆ ಆ ಹೆಂಗಸರೆಲ್ಲ ಹೊಲಕ್ಕೆ ಹೋಗುತ್ತಾರೆ. ಹೊಲವಿರುವುದು ಸಮುದ್ರದಲ್ಲಿ! ಉಸುಕಿಗೆ ಗೂಟ ಬಡಿದು, ಹಗ್ಗ ಎಳೆದು, ಹಗ್ಗಕ್ಕೆ ಸಮುದ್ರದ ಪಾಚಿಯನ್ನು ಎಳೆ ಎಳೆಯಾಗಿ ಕಟ್ಟಿ ಬೆಳೆಸುತ್ತಾರೆ. ನಮ್ಮಲ್ಲಿ ನೀರು ಬಂದರೆ ಕೆಲಸ, ಅಲ್ಲಿ ನೀರು ಹೋದರೆ ಕೆಲಸ. ಮರುದಿನದಿಂದ ನಾನು ಜೋಲಿ ಬಿಟ್ಟು, ಸೊಂಟ ಬಗ್ಗಿಸಿ ಪಾಚಿ ಕಟ್ಟತೊಡಗಿದೆ. ರೊಕ್ಕ ಕೊಟ್ಟು ಹೋಗಿ ಪರರ ಹೊಲದಲ್ಲಿ ದುಡಿದು ಬಂದವರು ನಮ್ಮ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಮೊಣಕಾಲುದ್ದದ ಬೆಚ್ಚಗಿನ ನೀರು, ನೀರಿನಲ್ಲಿ ಮೋಡ, ಮೋಡದ ನಡುವೆ ನಮ್ಮ ಕೈಗಳು. ಇದು ಎಚ್ಚರವೋ ಕನಸೋ ಎಂದು ಎಷ್ಟೋ ಸಲ ಅನುಮಾನವಾಯಿತು.

ಮರಿಯಂ ಕೂಡ ಮಸ್ಕತ್ತಿನಲ್ಲಿ ಬಟ್ಟೆ ಹೊಲಿದು ಮರಳಿ ಬಂದವಳು. ಬಂದಾಗ ಮನೆಯವರು ನಿನ್ನನ್ನು ಅತಿಥಿಯಂತೆ ಕಂಡರೇ ಎಂದು ಒಂದು ದಿನ ಕೇಳಿದೆ. ಆಕೆ ಹಗ್ಗದ ಮೇಲಿನ ಕಣ್ಣು ಎತ್ತಲಿಲ್ಲ.

“ನಾನು ಅತಿಥಿಯಂತೆ ಇದ್ದಷ್ಟು ದಿನ ಕಂಡರು” ಎಂದಳು.

ವಾರ ಮುಗಿಸಿ ಗೋಗಿಗೆ ಬಂದೆ. ಕುರ್ಚಿ ಬಂತು, ಕಪ್ಪು-ಬಸಿಯೂ ಬಂದವು. ನಮ್ಮ ಪಾಳಿಯ ದಿನ ಎಲ್ಲರೂ ಹೊಲಕ್ಕೆ ಹೊರಟಾಗ ತಮ್ಮ, “ನೀ ಯಾಕ ಅಕ್ಕಾ, ಕೆಸರು” ಎಂದ. ನಾನು ಸೀರೆ ಎತ್ತಿ ಕಟ್ಟಿ ಸಲಿಕೆ ಹಿಡಿದೆ. ಹೊಲದ ಒಂದು ಮಡಿಯಲ್ಲಿ ನೀರು ತುಂಬಿದ ಕೂಡಲೇ ಅದರ ಬಾಯಿ ಮುಚ್ಚಿ ಮುಂದಿನದರ ಬಾಯಿ ಬಿಡಿಸುವುದು ನನ್ನ ಕೆಲಸ. ನೀರು ಬಿಸಿಲಲ್ಲಿ ಮಿನುಗುತ್ತಾ ಮೆಲ್ಲಗೆ ಹರಿದು ಬಂತು. ಅದರಲ್ಲಿ ಮೋಡ ಕಂಡಿತು. ನೋಡುತ್ತಾ ನೋಡುತ್ತಾ ನಾನು ಎಲ್ಲಿಗೋ ಹೋಗಿಬಿಟ್ಟೆ.

ಎಚ್ಚರವಾದದ್ದು ಅವ್ವನ ದನಿಗೆ. ಒಡ್ಡು ಒಡೆದು ನೀರು ಪಕ್ಕದವರ ಹತ್ತಿಗೆ ನುಗ್ಗಿತ್ತು. ಅವ್ವ ಬದುವಿನ ಮೇಲೆ ಓಡಿಬರುತ್ತಿದ್ದಳು.

“ಕಣ್ಣು ಎಲ್ಲಿ ಇಟ್ಟೀದಿ? ನಮ್ಮ ನೀರು ಮಂದಿ ಹೊಲಕ್ಕ ಹೊಂಟಾವ. ಎಂಟು ವರ್ಷ ಅದೇನು ದುಡದು ಬಂದಿಯೋ, ಒಂದು ಮಡಿ ಕಟ್ಟಾಕ ಬರಂಗಿಲ್ಲ ನಿನಗ.”

ಶಾಂತಾ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಸಲಿಕೆ ಕಸಿದುಕೊಳ್ಳಲು ಈ ಸಲ ಆಕೆ ಬರಲಿಲ್ಲ. ನನಗೂ ನಗು ಉಕ್ಕುತ್ತಿತ್ತು, ಕಣ್ಣಲ್ಲಿ ನೀರೂ ಇತ್ತು. ತಲೆ ತಗ್ಗಿಸಿ ಕೆಸರು ಎತ್ತಿ ಎತ್ತಿ ಒಡ್ಡಿಗೆ ಹಾಕುತ್ತಾ, ಅವ್ವ ಇನ್ನೂ ಸ್ವಲ್ಪ ಹೊತ್ತು ಬೈಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.