‘ಕೇಳಲಿಲ್ಲ’ ಎಂದು ಬರೆದವಳು

ಮೂಳೆ ವಾರ್ಡಿನಲ್ಲಿ ಎಲ್ಲರೂ ಅವಳನ್ನು ರಿಜಿಸ್ಟರಕ್ಕ ಎನ್ನುತ್ತಿದ್ದರು. ಎದುರಿಗೆ ಸಲಿಗೆಯಿಂದ, ಬೆನ್ನ ಹಿಂದೆ ಕೊಂಕಿನಿಂದ. ಇಪ್ಪತ್ತೆರಡು ವರ್ಷ ನರ್ಸ್ ಆಗಿ ದುಡಿದವಳು, ಸರ್ಕಾರದ ದುಡ್ಡಿನಲ್ಲಿ ನಡೆಯುವ ಸಂಶೋಧನೆಯೊಂದರ ಕೆಲಸಕ್ಕೆ ತಾನಾಗಿಯೇ ಹೆಸರು ಕೊಟ್ಟಿದ್ದಳು.

ಸಂಶೋಧನೆ ಅನ್ನುವುದು ಬಾಯಿ ತುಂಬುವ ಮಾತು. ಪ್ರಶ್ನೆ ಮಾತ್ರ ಸಣ್ಣದು. ಸೊಂಟದ ಮೂಳೆ ಮುರಿದ ವಯಸ್ಸಾದವರನ್ನು ಆಪರೇಷನ್ ಆದ ಮರುದಿನವೇ ಎಬ್ಬಿಸಿ ನಿಲ್ಲಿಸಬೇಕೋ, ಮೂರು ದಿನ ಮಲಗಿಸಿಡಬೇಕೋ? ಅವಳ ಅಮ್ಮನನ್ನು ಮಲಗಿಸಿದ್ದರು. ಅಮ್ಮ ಮತ್ತೆ ಏಳಲಿಲ್ಲ. ಬೇಗ ಎಬ್ಬಿಸಿದ್ದರೆ ಉಳೀತಿದ್ರಾ ಎಂದು ಕೇಳಿದ್ದಕ್ಕೆ ಡಾಕ್ಟರು “ಯಾರಿಗ್ಗೊತ್ತಮ್ಮ” ಅಂದಿದ್ದರು. ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು.

ಕೆಲಸಕ್ಕೆ ಸಿಕ್ಕಿದ್ದು ಆಸ್ಪತ್ರೆಯ ಹಾಸುಬಟ್ಟೆ ಇಡುತ್ತಿದ್ದ ಕಿಟಕಿಯಿಲ್ಲದ ಕೋಣೆ. ಒಂದು ಮೇಜು, ಒಂದೇ ಕುರ್ಚಿ. ಎರಡನೆಯದು ಬೇಕಾಗಲೇ ಇಲ್ಲ, ಬರುವವರು ಯಾರು? ಗೋಡೆಯ ಬೋರ್ಡಿನಲ್ಲಿ ಹನ್ನೊಂದು ಜನರ ತಂಡವಿತ್ತು. ಕೋಣೆಯಲ್ಲಿ ಅವಳೊಬ್ಬಳೇ.

ನಿಯಮ ಸರಳ. ರೋಗಿ ಬಂದ ಕೂಡಲೇ, ಆಪರೇಷನ್ನಿಗೆ ಮೊದಲು, ಚಿಕಿತ್ಸೆ ಕೊಡುವವರೇ ವಿಷಯ ತಿಳಿಸಿ, ನಂತರ ಇವಳನ್ನು ಕರೆಯಬೇಕು; ಇವಳು ತಾನಾಗಿ ಹೋಗಿ ಕೇಳುವಂತಿಲ್ಲ. ಬಂದ ಪ್ರತಿಯೊಬ್ಬರಿಗೂ ರಿಜಿಸ್ಟರಿನಲ್ಲಿ ಒಂದು ಸಾಲು: ಸೇರಿದರೋ, ಒಲ್ಲೆ ಅಂದರೋ, ಕೇಳಲೇ ಇಲ್ಲವೋ. ಕೇಳದಿದ್ದರೆ, ಯಾಕೆ?

ದಿನಾ ಬೆಳಿಗ್ಗೆ ವಾರ್ಡಿಗೆ ಹೋಗಿ, “ಹೊಸಬರು ಬಂದ್ರಾ?” ಅನ್ನುವಳು.

“ನಿನ್ನೆಯೇ ಬಂದ್ರು, ಆಪರೇಷನ್ನೂ ಆಯ್ತು. ಬೆನ್ನು ನೆಟ್ಟಗೆ ಮಾಡೋಕೆ ಪುರುಸೊತ್ತಿಲ್ಲ ನಮಗೆ,” ಅನ್ನುವಳು ವಾರ್ಡಿನ ಸಿಸ್ಟರ್. “ನಿನ್ನ ಸ್ಕೂಲಿಗೆ ಮಕ್ಕಳನ್ನೂ ನಾವೇ ಸೇರಿಸ್ಬೇಕಾ ಅಕ್ಕಾ?”

“ಮಕ್ಕಳಲ್ಲ ಕಣೇ, ಎಂಬತ್ತು ದಾಟಿದೋರು.”

ಎಲ್ಲರೂ ನಗುವರು. ಅವಳೂ ನಕ್ಕು ಕೋಣೆಗೆ ಮರಳಿ, ತಂದ ಡಬ್ಬಿಯನ್ನು ಗೋಡೆ ನೋಡುತ್ತ ಉಣ್ಣುವಳು.

ಆರು ತಿಂಗಳಲ್ಲಿ ಬಂದವರು ನಲವತ್ತೊಂದು ಜನ. ಸೇರಿದವರು ಒಂಬತ್ತು, ಒಲ್ಲೆ ಅಂದವರು ಮೂರು. ಉಳಿದ ಇಪ್ಪತ್ತೊಂಬತ್ತು ಸಾಲುಗಳಲ್ಲಿ ಅವಳ ಗುಂಡು ಅಕ್ಷರ: ‘ಕೇಳಲಿಲ್ಲ. ಯಾರೂ ತಿಳಿಸಲಿಲ್ಲ.’ ಪಕ್ಕದಲ್ಲಿ ಯಾವ ಪಾಳಿ ಎಂಬುದೂ ಇತ್ತು.

ವರದಿ ಕಳಿಸುವ ಹಿಂದಿನ ದಿನ ವಿಭಾಗದ ದೊಡ್ಡ ಡಾಕ್ಟರು ಮೊದಲ ಸಲ ಆ ಕೋಣೆಗೆ ಬಂದರು.

“ಏನಮ್ಮ ಇದು, ನಮ್ಮ ಮಾನ ಹರಾಜು ಹಾಕ್ತೀಯಾ? ‘ರೋಗಿ ಒಪ್ಪಲಿಲ್ಲ’ ಅಂತ ತಿದ್ದು.”

“ಅವರನ್ನ ಕೇಳೇ ಇಲ್ವಲ್ಲ ಸಾರ್.”

“ಅವರೇನು ಬಂದು ಸಾಕ್ಷಿ ಹೇಳ್ತಾರಾ?”

“ಹೇಳಲ್ಲ ಸಾರ್. ಅದಕ್ಕೇ ನಾನು ಬರೆದಿರೋದು.”

“ಹಾಗಾದ್ರೆ ಇಲ್ಲಿ ಈ ಕೆಲಸ ಮುಚ್ಚಿ ಹೋಗುತ್ತೆ. ನೀನು ಇಂಜೆಕ್ಷನ್ ರೂಮಿಗೆ.”

ಹೀಗೆ ಹೇಳುವವರಿಗೆ ನಾಚಿಕೆಯಾಗಬೇಕು. ಜನರ ದುಡ್ಡು, ಜನರ ಮೂಳೆ. ಆದರೆ ಆ ಜನರ ಬಾಯಿಗೆ ಅವರು ಆಡದ ಮಾತನ್ನು ತುರುಕುವುದಕ್ಕೆ ಒಂದು ಪೆನ್ನು ಸಾಕು. ನಾಳೆ ಯಾವನೋ ಅದನ್ನೋದಿ, ಮುದುಕರಿಗೆ ಇದೆಲ್ಲ ಬೇಡವಂತೆ ಎಂದು ಭಾಷಣ ಬಿಗಿಯುತ್ತಾನೆ.

ಅವಳು ತಿದ್ದಲಿಲ್ಲ. ಇದ್ದ ಹಾಗೇ ಕಳಿಸಿದಳು. ಮೂರು ವಾರ ವಾರ್ಡಿನಲ್ಲಿ ಯಾರೂ ಮಾತಾಡಿಸಲಿಲ್ಲ. ರಿಜಿಸ್ಟರಕ್ಕ ಎಂಬ ಕೊಂಕೂ ನಿಂತುಹೋಯಿತು. ಅದೇ ಅವಳಿಗೆ ಹೆಚ್ಚು ಚುಚ್ಚಿತು.

ಕಡೆಗೆ ಸಂಶೋಧನೆಯ ಮುಖ್ಯ ಕಚೇರಿಯಿಂದ ಪತ್ರ ಬಂತು. ಎರಡು ತಿಂಗಳು ಹೊಸಬರನ್ನು ಸೇರಿಸುವಂತಿಲ್ಲ; ಅಷ್ಟರಲ್ಲಿ ವಾರ್ಡಿನ ಪ್ರತಿ ಪಾಳಿಯಲ್ಲೂ ರೋಗಿಯನ್ನು ಕೇಳುವವರೊಬ್ಬರು ಇರಬೇಕು, ಇಲ್ಲದಿದ್ದರೆ ಮುಚ್ಚಿ. ಮೂರು ಪಾಳಿಗೂ ಹೆಸರು ಬರೆದುಕೊಳ್ಳಲು ಒಂದು ಹಾಳೆಯನ್ನು ಅವಳು ವಾರ್ಡಿನ ಬಾಗಿಲಿಗೆ ಅಂಟಿಸಿದಳು. ಎಂಟು ದಿನ ಅದು ಬರಿದಾಗಿಯೇ ಇತ್ತು.

ಒಂಬತ್ತನೆಯ ದಿನ ಕೋಣೆಯ ಬಾಗಿಲಲ್ಲಿ ವಾರ್ಡಿನ ಸಿಸ್ಟರ್ ನಿಂತಿದ್ದಳು.

“ಆ ಇಪ್ಪತ್ತೊಂಬತ್ತರಲ್ಲಿ ಹದಿನಾಲ್ಕು ನನ್ನ ಪಾಳಿದು. ರಿಜಿಸ್ಟರ್ ನೋಡ್ದೆ,” ಅಂದಳು, ನೆಲ ನೋಡುತ್ತ. “ಏನಂತ ಕೇಳ್ಬೇಕು, ಹೇಳ್ಕೊಡು. ಬೇಗ, ಡ್ರೆಸ್ಸಿಂಗ್ ಬಾಕಿ ಇದೆ.”

ರಿಜಿಸ್ಟರಕ್ಕ ಎದ್ದು ಕುರ್ಚಿಯನ್ನು ಬಂದವಳತ್ತ ಸರಿಸಿದಳು. ತಾನು ಗೋಡೆಗೊರಗಿ ನಿಂತು, ಮೊದಲ ಪ್ರಶ್ನೆಯಿಂದ ಶುರುಮಾಡಿದಳು. ಹಾಳೆಯಲ್ಲಿ ಇನ್ನೂ ಎರಡು ಪಾಳಿ ಖಾಲಿ ಇದ್ದವು.