ಅಣಬೆ ಗಿಡವಲ್ಲ ಎಂದಿದ್ದಕ್ಕೆ

‘ಆಗಸ್ಟ್ ಹನ್ನೆರಡು, ಜೋಗಿಮಟ್ಟಿ, ಹೊಸ ಅಣಬೆ’ ಎಂದು ನನ್ನ ಹಳೆಯ ಡೈರಿಯಲ್ಲಿದೆ. ಅಂಥದ್ದನ್ನು ಆ ಕಾಡಿನಲ್ಲಿ ಹಿಂದೆಂದೂ ಕಂಡಿರಲಿಲ್ಲ. ಅಣಬೆಯ ಕೊಡೆಯನ್ನು ಬಿಳಿ ಕಾಗದದ ಮೇಲೆ ಕವುಚಿಟ್ಟರೆ ಬೀಜಕಣ ಉದುರಿ ಬಣ್ಣ ಮೂಡುತ್ತದೆ. ಕುಲ ಯಾವುದೆಂದು ಹೇಳಲು ಆ ಬಣ್ಣ ಬೇಕೇ ಬೇಕು.

ಇದ್ದದ್ದೊಂದನ್ನೇ ಬಿಡಿಸಿ ಡಬ್ಬಿಯಲ್ಲಿಟ್ಟು ಮನೆಗೆ ಹೊರಟೆ. ಕಾಡಿನ ಗೇಟಿನಲ್ಲಿ ಗಾರ್ಡ್ ಡಬ್ಬಿ ಕಿತ್ತುಕೊಂಡ. “ಕಾಡಿನ ಗಿಡ ಒಯ್ಯಂಗಿಲ್ಲ ಕಣಮ್ಮ.”

“ಅಣಬೆ ಗಿಡ ಅಲ್ಲಪ್ಪ. ಬಿಎಸ್ಸಿ ಓದಿದೋಳು ಹೇಳ್ತಿದೀನಿ. ಶಿಲೀಂಧ್ರದ್ದೇ ಬೇರೆ ವರ್ಗ. ಗಿಡಕ್ಕಿಂತ ಪ್ರಾಣಿಗೇ ಹತ್ತಿರ.”

ಅವನ ಕಣ್ಣರಳಿತು. “ಪ್ರಾಣಿನಾ? ಹಂಗಾದ್ರೆ ಕೇಸು ಇನ್ನೂ ದೊಡ್ಡದೈತೆ. ಸಾಹೇಬ್ರು ಬರ್ಲಿ, ಕುಂತ್ಕಳ್ರಿ.”

“ಅಷ್ಟೊತ್ತಿಗೆ ಅದು ಕೊಳೀತದಲ್ಲೋ!”

“ಕೊಳೆಯೋದಾದ್ರೆ ತರಕಾರಿ ಅಂತ ಬರಕಳ್ಳಾ?”

ಕೇಸು ಹಾಕಲು ಗೊತ್ತು, ಯಾವುದರ ಮೇಲೆಂದು ಗೊತ್ತಿಲ್ಲ! ಇಡೀ ಮಧ್ಯಾಹ್ನ ಡಬ್ಬಿ ಬಿಸಿಲಿನಲ್ಲಿತ್ತು. ಮುಟ್ಟಲು ಬಿಡಲಿಲ್ಲ. ಸಂಜೆ ಬಂದ ಸಾಹೇಬರು, “ಅಣಬೆನಾ? ಒಯ್ದು ಸಾರು ಮಾಡ್ರಿ” ಎಂದು ನಕ್ಕು ಒಳಗೆ ಹೋದರು.

ಮುಚ್ಚಳ ತೆಗೆದರೆ ಕಪ್ಪು ಲೋಳೆ. ಆ ಜಾಗಕ್ಕೆ ಪ್ರತಿ ಮಳೆಗಾಲವೂ ಹೋಗುತ್ತೇನೆ, ಅದು ಮತ್ತೆ ಎದ್ದಿಲ್ಲ. ಗಿಡವೆಂದು ಒಪ್ಪಿಕೊಂಡು ದಂಡ ಕಟ್ಟಿದ್ದರೆ ಗಾರ್ಡ್ ಅರ್ಧ ಗಂಟೆಯಲ್ಲಿ ಡಬ್ಬಿ ಸಮೇತ ಬಿಡುತ್ತಿದ್ದನಂತೆ, ಆಮೇಲೆ ಅವನೇ ಹೇಳಿದ. ನಿಜ ಹೇಳಿದ್ದಕ್ಕೆ ಒಂದು ಕುಲವೇ ಹೋಯಿತು.